ರವಿವಾರದ ನಳ ಮತ್ತು ನನ್ನ ಒಂದು ಕಣ್ಣು

ಪ್ರಾರ್ಥನೆಯ ಹೊತ್ತಿನಲ್ಲಿ ನಾನು ಒಂದು ಕಣ್ಣು ತೆರೆದಿರುತ್ತೇನೆ. ಹದಿನಾಲ್ಕು ವರ್ಷಗಳಿಂದ ಈ ಮಾತನ್ನು ಯಾರಿಗೂ ಹೇಳಿಲ್ಲ. ನಮ್ಮ ಮನೆಯವರಿಗಂತೂ ಹೇಳಿಯೇ ಇಲ್ಲ. ಹೇಳಿದರೆ ಅವರು ಅದನ್ನು ಜೋಪಾನವಾಗಿ ಎತ್ತಿಟ್ಟುಕೊಂಡು, ಬೀಗರು ಊಟಕ್ಕೆ ಕೂತಾಗ ರೊಟ್ಟಿಯ ಜೊತೆಗೆ ಬಡಿಸುತ್ತಾರೆ. ಇದು ಭಕ್ತಿ ಕಡಿಮೆಯಾಗಿ ಬಂದ ಚಟವಲ್ಲ, ಕೆಲಸದಿಂದ ಅಂಟಿದ್ದು. ಹನ್ನೊಂದು ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ ಎಲ್ಲರೂ ಕಣ್ಣು ಮುಚ್ಚಿರಿ ಎಂದು ಹೇಳಿದವಳು ತಾನೂ ಎರಡೂ ಕಣ್ಣು ಮುಚ್ಚಿಬಿಟ್ಟರೆ, ಆಮೆನ್ ಅನ್ನುವಷ್ಟರಲ್ಲಿ ಒಬ್ಬಳ ಜಡೆ ಇನ್ನೊಬ್ಬಳ ಜಡೆಗೆ ಗಂಟು ಬಿದ್ದಿರುತ್ತದೆ, ಯಾರದೋ ಒಂದು ಚಪ್ಪಲಿ ಕಿಟಕಿಯಾಚೆ ಹೋಗಿರುತ್ತದೆ. ಹಾಗಾಗಿ ಒಂದು ಕಣ್ಣು ದೇವರಿಗೆ, ಒಂದು ಕಣ್ಣು ಮಕ್ಕಳಿಗೆ ಎಂದು ಹಂಚಿಕೊಂಡಿದ್ದೆ. ದೇವರಿಂದ ಈವರೆಗೆ ತಕರಾರು ಬಂದಿರಲಿಲ್ಲ.

ಗಜೇಂದ್ರಗಡದಲ್ಲಿ ನಮ್ಮ ಸಭೆ ಸಣ್ಣದು. ನಮ್ಮ ಪಾದ್ರಿ ಅಯ್ಯನವರಿಗೆ ಮೂರು ಊರಿನ ಹೊಣೆ. ಬೆಳಿಗ್ಗೆ ನರಗುಂದದಲ್ಲಿ ಆರಾಧನೆ ಮುಗಿಸಿ, ರೋಣಕ್ಕೆ ಬಂದು ಅಲ್ಲಿಯೂ ಮುಗಿಸಿ, ಬಸ್ಸಿನ ದಯೆ ಇದ್ದರೆ ಹನ್ನೊಂದೂವರೆಗೆ ನಮ್ಮ ಊರಿನ ಸ್ಟ್ಯಾಂಡಿನಲ್ಲಿ ಇಳಿಯುತ್ತಾರೆ. ಆದ್ದರಿಂದ ಒಂಬತ್ತು ಗಂಟೆಯ ರವಿವಾರ ಶಾಲೆಗೆ ಒಬ್ಬರು ಬೇಕಾಗಿತ್ತು. ಬೇರೆಯವರು ಸಿಗುವ ತನಕ ಎರಡು ವಾರ ನೋಡಿಕೊಳ್ಳಿ ಎಂದು ಆಗಿನ ಅಯ್ಯನವರು ಹೇಳಿದ್ದರು. ಅವರು ವರ್ಗವಾಗಿ ಹೋದರು, ಆಮೇಲೆ ಬಂದವರೂ ಹೋದರು, ಆ ಎರಡು ವಾರ ಇನ್ನೂ ಮುಗಿದಿಲ್ಲ. ಮನೆಯಲ್ಲಿ ರವಿಕೆ ಹೊಲಿದು, ಸೀರೆಗೆ ಫಾಲ್ ಹಚ್ಚಿಕೊಂಡಿದ್ದ ನನ್ನನ್ನು ಈಗ ಓಣಿಯವರೆಲ್ಲ ಶಾಲೆಯ ಟೀಚರಿಗೆ ಅನ್ನುವ ಹಾಗೆ ಅಕ್ಕೋರು ಎನ್ನುತ್ತಾರೆ. ಮಕ್ಕಳಲ್ಲಿ ವಿಶ್ವಾಸ ಬೆಳೆಸುವುದು ನನ್ನ ಕೆಲಸವಂತೆ. ಹಾಗೆಂದು ವರ್ಷಕ್ಕೊಮ್ಮೆ ತುಂಬುವ ಫಾರ್ಮಿನಲ್ಲಿ ಬರೆದಿದೆ.

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇದೆ. ಹಾಲಿನವನು ತಪ್ಪಿಸಿದ ದಿನಕ್ಕೆ ಅಡ್ಡಗೆರೆ, ಸಿಲಿಂಡರ್ ಹಚ್ಚಿದ ದಿನಕ್ಕೆ ಸೊನ್ನೆ, ನಳ ಬಂದ ದಿನಕ್ಕೆ ನೀಲಿ ಚುಕ್ಕೆ. ದಸರೆಯಾದ ಮೇಲಿನ ಹಾಳೆಗಳನ್ನು ತಿರುವಿದರೆ ನೀಲಿ ಚುಕ್ಕೆಗಳೆಲ್ಲ ರವಿವಾರದ ಸಾಲಿನಲ್ಲೇ ಮಾಲೆ ಕಟ್ಟಿದ ಹಾಗೆ ಕೂತಿವೆ. ವಾರಕ್ಕೊಮ್ಮೆ ನೀರು, ಅದೂ ರವಿವಾರ, ಅದೂ ಒಂಬತ್ತು ದಾಟಿದ ಮೇಲೆ. ನಮ್ಮ ಓಣಿಯ ನಳ ನೀರಿಗಿಂತ ಮೊದಲು ಗಾಳಿ ಬಿಡುತ್ತದೆ, ಸುಂಯ್ ಎಂದು. ಆ ಸುಂಯ್ ಕೇಳಿದರೆ ಮುಗಿಯಿತು. ದಾವೀದನ ಕವಣೆಯ ಕಲ್ಲು ಗಾಳಿಯಲ್ಲೇ ನಿಲ್ಲಬೇಕು, ಪೇತ್ರನು ನೀರಿನ ಮೇಲೆ ಒಂದು ಕಾಲು ಎತ್ತಿಕೊಂಡೇ ಇರಬೇಕು, ಮಕ್ಕಳು ಕೊಡ ಹಿಡಿಯಲು ಮನೆಗೆ ಓಡಿರುತ್ತಾರೆ. ಅವರನ್ನು ಬೈಯುವ ನೈತಿಕ ಬಲವೂ ನನಗಿರಲಿಲ್ಲ. ನಮ್ಮ ಮನೆಯವರು ವಾರವಿಡೀ ರೋಣದ ಬಸ್ಸಿನಲ್ಲಿ ನೌಕರಿಗೆ ಹೋಗಿಬಂದ ದಣಿವನ್ನು ರವಿವಾರ ಹತ್ತರ ತನಕ ಮಲಗಿ ತೀರಿಸಿಕೊಳ್ಳುವವರು. ಅಂದಮೇಲೆ ನಳಕ್ಕೆ ನಮ್ಮ ಕೊಡ ಹಚ್ಚುವವರು ಯಾರು? ಚಿಕ್ಕ ಮಕ್ಕಳು ಓಡುವುದನ್ನು ನೋಡಿಕೊಳ್ಳಬೇಕಲ್ಲ ಎಂಬ ನೆಪ ಹೇಳಿ ನಾನೂ ಹೊರಡುತ್ತಿದ್ದೆ. ಅವರಿಗಿಂತ ಮುಂದೆಯೇ ಇರುತ್ತಿದ್ದೆ ಎಂಬುದು ಬೇರೆ ಮಾತು.

ಒಂದು ರವಿವಾರ ಬಾವಿಯ ಹತ್ತಿರ ಯೇಸುವನ್ನು ಕಂಡ ಸಮಾರ್ಯದ ಹೆಂಗಸಿನ ಕಥೆ ಹೇಳುತ್ತಿದ್ದೆ. ಅವಳು ಕೊಡವನ್ನು ಅಲ್ಲಿಯೇ ಬಿಟ್ಟು ಊರೊಳಗೆ ಓಡಿದಳು ಎನ್ನುವ ಕಡೆಗೆ ಬಂದಿದ್ದೆ, ಸುಂಯ್ ಎಂದಿತು. ಅವಳು ಕೊಡ ಬಿಟ್ಟು ಓಡಿದ್ದಳು, ನಮ್ಮವರು ಅವಳನ್ನೇ ಬಿಟ್ಟು ಕೊಡಕ್ಕೆ ಓಡಿದರು. ಹತ್ತು ಗಂಟೆಗೆ ಲಂಗದ ಅಂಚು ಒದ್ದೆ ಮಾಡಿಕೊಂಡು ಮತ್ತೆ ಬಂದು ಕೂತಾಗ ನನಗೆ ಎಲ್ಲಿಲ್ಲದ ಸಿಟ್ಟು. ಆ ಸಿಟ್ಟಿನಲ್ಲೇ ಒಂದು ಮಾತು ಆಡಿಬಿಟ್ಟೆ: ರವಿವಾರ ನಳ ಬರಬಾರದು ಎಂದು ಎಲ್ಲರೂ ಸೇರಿ ಪ್ರಾರ್ಥನೆ ಮಾಡೋಣ, ಮಕ್ಕಳು ಕೇಳಿದ್ದನ್ನು ದೇವರು ಇಲ್ಲ ಎನ್ನುವುದಿಲ್ಲ.

ಪ್ರಾರ್ಥನೆಯನ್ನು ಸಲೋಮಿಗೆ ವಹಿಸಿದೆ. ಸಲೋಮಿಗೆ ಒಂಬತ್ತು ವರ್ಷ. ಅಪ್ಪ ಅವ್ವ ದುಡಿಯಲು ಗೋವೆಗೆ ಹೋಗಿರುವುದರಿಂದ ಅಜ್ಜಿ ಶಾಂತವ್ವನ ಹತ್ತಿರ, ಅವಳನ್ನೇ ಅಮ್ಮ ಎಂದು ಕರೆಯುತ್ತ ಬೆಳೆಯುತ್ತಿರುವ ಹುಡುಗಿ. ನಮ್ಮ ಶಾಲೆಯಲ್ಲಿ ಅವಳಷ್ಟು ಚೆನ್ನಾಗಿ ಪ್ರಾರ್ಥಿಸುವವರು ಇಲ್ಲ. ದೇವರು ದಾರಿ ತಪ್ಪಬಾರದೆಂದು ವಿಳಾಸವನ್ನೂ ಸೇರಿಸಿ ಹೇಳುತ್ತಾಳೆ. ಯಾರಿಗಾದರೂ ಜ್ವರ ಬಂದಿದ್ದರೆ ಬಸ್ ಸ್ಟ್ಯಾಂಡಿನಿಂದ ಎಷ್ಟನೆಯ ಮನೆ, ಬಾಗಿಲಿಗೆ ಯಾವ ಬಣ್ಣ ಎಲ್ಲವೂ ಅದರಲ್ಲಿ ಬರುತ್ತದೆ. ಅವತ್ತೂ ಅವಳು ಓಣಿಯ ಹೆಸರು, ನಳದ ಪಕ್ಕದ ಬೇವಿನ ಮರ ಎಲ್ಲವನ್ನೂ ಹೇಳಿ, ಇಲ್ಲಿ ರವಿವಾರ ನೀರು ಬಿಡಬೇಡಪ್ಪಾ ಎಂದು ಬೇಡಿಕೊಂಡಳು. ಮತ್ತೆ ಯಾವ ವಾರ ಬಿಡಬೇಕು ಎಂದು ಅವಳೂ ಹೇಳಲಿಲ್ಲ, ಹೇಳಿಕೊಡಬೇಕಾದ ನನಗೂ ಹೊಳೆಯಲಿಲ್ಲ.

ಮುಂದಿನ ರವಿವಾರ ನೀರು ಬರಲಿಲ್ಲ. ನಾನು ಗೆದ್ದವಳ ಹಾಗೆ ಸಮಾರ್ಯದ ಹೆಂಗಸನ್ನು ಊರು ಮುಟ್ಟಿಸಿದೆ. ಇದೇ ನೋಡಿ ಪ್ರಾರ್ಥನೆಯ ಶಕ್ತಿ ಎಂದು ಸಲೋಮಿಯನ್ನು ನಿಲ್ಲಿಸಿ ಚಪ್ಪಾಳೆಯನ್ನೂ ಹೊಡೆಸಿದೆ. ಸೋಮವಾರವೂ ನೀರಿಲ್ಲ. ಮಂಗಳವಾರ, ಬುಧವಾರ ಇಲ್ಲ. ನಮ್ಮ ಮನೆಯ ಹಂಡೆಯ ತಳ ಕಂಡಿತು, ಆಮೇಲೆ ಬಕೀಟಿನ ತಳ. ಪಾತ್ರೆ ತೊಳೆದ ನೀರಿನಲ್ಲಿ ನೆಲ ಒರೆಸಿ, ನೆಲ ಒರೆಸಿದ ನೀರನ್ನು ಕರಿಬೇವಿಗೆ ಹಾಕುತ್ತಿದ್ದೆ, ಕರಿಬೇವು ಮಾತ್ರ ನನ್ನನ್ನು ಹರಸುತ್ತಿತ್ತು. ಓಣಿಯವರೆಲ್ಲ ಬಸ್ ಸ್ಟ್ಯಾಂಡಿನ ಹಿಂದಿನ ಬೋರಿಗೆ ಸಾಲು ಹಚ್ಚಿದರು. ಅಷ್ಟರಲ್ಲಿ ಚಪ್ಪಾಳೆಯ ಸುದ್ದಿ ಮಕ್ಕಳ ಬಾಯಿಂದ ಮನೆಮನೆಗೆ ಮುಟ್ಟಿತ್ತು. ಎದುರು ಮನೆಯ ನೀಲವ್ವ ಮಗ್ಗದ ಕುಳಿಯಿಂದ ಎದ್ದುಬಂದು ಬಾಗಿಲಲ್ಲಿ ನಿಂತಳು. ಅವಳು ದಿನಾ ತನ್ನ ದೇವರಿಗೆ ದೀಪ ಹಚ್ಚಿಯೇ ಲಾಳಿ ಮುಟ್ಟುವವಳು. ಯಾರ ದೇವರೇ ಆಗಲಿ, ಅನುಮಾನ ಪಡುವ ಹೆಂಗಸಲ್ಲ.

"ಅಕ್ಕೋರ, ನಿಮ್ಮ ಹುಡುಗೂರ ಪ್ರಾರ್ಥನಿ ಭಾಳ ಖಡಕ್ ಐತಿ ನೋಡ್ರಿ. ಆದ್ರ ನೂಲು ನೆನಿ ಹಾಕಾಕ ಹನಿ ನೀರಿಲ್ಲ. ಕಟ್ಟಿದ್ದು ನೀವು, ಬಿಚ್ಚಾವ್ರೂ ನೀವ."

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಅವಳು ನಗಲಿಲ್ಲವೆಂಬುದೇ ನನ್ನನ್ನು ಮಧ್ಯಾಹ್ನವೆಲ್ಲ ಕಾಡಿತು. ಈ ಓಣಿಯಲ್ಲಿ ನಮ್ಮ ಪ್ರಾರ್ಥನೆಯನ್ನು ಪೂರ್ತಿ ನಂಬಿದವರು ಹನ್ನೊಂದು ಮಕ್ಕಳು ಮತ್ತು ನೀಲವ್ವ. ನಂಬದೆ ಇದ್ದವಳು ಕಲಿಸುವ ನಾನೊಬ್ಬಳೇ.

ಅದರ ಮುಂದಿನ ರವಿವಾರ ಕಥೆ ಮುಗಿದ ಮೇಲೆ ಎಂದಿನಂತೆ ಸಲೋಮಿಯನ್ನು ಪ್ರಾರ್ಥನೆಗೆ ಕರೆದೆ. ಅವಳು ತಲೆ ಎತ್ತಲಿಲ್ಲ. "ನಾ ಒಲ್ಲೆರಿ ಅಕ್ಕೋರ" ಎಂದಳು. ಹೊಟ್ಟೆ ನೋವೇ ಎಂದೆ, ಯಾರಾದರೂ ಏನಾದರೂ ಅಂದರೇ ಎಂದೆ. ಚಾಪೆಯ ಕಡ್ಡಿಯೊಂದನ್ನು ಕಿತ್ತು ಬೆರಳಿಗೆ ಸುತ್ತುತ್ತ ಕೂತಳು. ಬೇರೆ ಮಗು ಪ್ರಾರ್ಥಿಸುವಾಗ ನನ್ನ ತೆರೆದ ಕಣ್ಣಿಗೆ ಕಂಡದ್ದೇನೆಂದರೆ, ಅವಳು ತುಟಿಯ ಮೇಲೆ ಅಂಗೈ ಒತ್ತಿ ಹಿಡಿದಿದ್ದಳು, ಮಾತು ತಪ್ಪಿಯೂ ಹೊರಗೆ ಬೀಳಬಾರದು ಎನ್ನುವ ಹಾಗೆ.

ಕಾರಣವನ್ನು ಶಾಂತವ್ವ ಹೇಳಿದಳು. ಮೊಣಕಾಲು ನೋವಿನ ಮುದುಕಿ ದಿನಕ್ಕೆ ಎರಡು ಸಲ ಬೋರಿನಿಂದ ಕೊಡ ಹೊತ್ತು ತರುತ್ತಿದ್ದಳು. ಹುಡುಗಿ ಹಿಂದೆ ಹಿಂದೆ ಸಣ್ಣ ಬಿಂದಿಗೆ ಹಿಡಿದುಕೊಂಡು ಬರುತ್ತ, ಅಜ್ಜಿ ಕಾಲು ಹಿಡಿದು ಕೂತಾಗಲೆಲ್ಲ ಅಳುತ್ತಾಳಂತೆ. ಊರಿನ ನೀರು ನಾನೇ ನಿಲ್ಲಿಸಿದೆ, ಇನ್ನು ಬಾಯಿ ತೆರೆದರೆ ಮತ್ತೇನು ನಿಲ್ಲುತ್ತದೋ ಎನ್ನುತ್ತಾಳಂತೆ. ಮಲಗುವಾಗಲೂ ಪ್ರಾರ್ಥಿಸುವುದನ್ನು ಬಿಟ್ಟಿದ್ದಾಳಂತೆ. ಶಾಂತವ್ವ ದೂರಿನ ದನಿಯಲ್ಲಿ ಹೇಳಲಿಲ್ಲ, ಸುಮ್ಮನೆ ಹೇಳಿದಳು. ಹದಿನಾಲ್ಕು ವರ್ಷದಲ್ಲಿ ಎಷ್ಟು ಮಕ್ಕಳ ವಿಶ್ವಾಸ ಬೆಳೆಸಿದೆನೋ ತಿಳಿಯದು, ಒಂದು ಮಗುವಿನದನ್ನು ಕಳೆದದ್ದು ಮಾತ್ರ ದಿನಾಂಕದ ಸಮೇತ ಕ್ಯಾಲೆಂಡರಿನಲ್ಲಿತ್ತು.

ನಾನೇನು ಮಾಡಬೇಕಿತ್ತು? ಮೊಣಕಾಲೂರಿ ದೇವರನ್ನು ಕೇಳಬೇಕಿತ್ತು. ನಾನು ನಳ ಬಿಡುವ ಮುದಕಪ್ಪನನ್ನು ಕೇಳಲು ಹೋದೆ. ಅವನು ಚಹಾದಂಗಡಿಯ ಮುಂದೆ ವಾಲ್ವ್ ತಿರುವುವ ಉದ್ದನೆಯ ಕೀಲಿಯನ್ನು ಊರಿಕೊಂಡು ಕೂತಿದ್ದ. ಊರ ಹೊರಗೆ ಜೆಸಿಬಿಯ ಹಲ್ಲು ತಗಲಿ ದೊಡ್ಡ ಪೈಪು ಒಡೆದಿದೆ, ಕೆಲಸ ನಡೆದಿದೆ, ಬುಧವಾರ ಮುಂಜಾನೆ ನೀರು ಪಕ್ಕಾ ಎಂದ. ನಾನು ಪಕ್ಕಾನೇ ಎಂದು ಮೂರು ಸಲ ಕೇಳಿದೆ. ದೇವರ ವಾಗ್ದಾನವನ್ನು ಕೂಡ ಅಷ್ಟು ಸಲ ಖಾತ್ರಿ ಮಾಡಿಕೊಂಡವಳಲ್ಲ. ದಾರಿಯಲ್ಲಿ ಲೆಕ್ಕ ಹಾಕಿದೆ: ಮಂಗಳವಾರ ಸಂಜೆ ಮಕ್ಕಳನ್ನು ಕೂಡಿಸಿ ಸಲೋಮಿಯಿಂದ ನೀರಿಗಾಗಿ ಪ್ರಾರ್ಥನೆ ಮಾಡಿಸುವುದು, ಬುಧವಾರ ನೀರು ಬರುವುದು, ಹುಡುಗಿಯ ಭಾರ ಇಳಿಯುವುದು. ದೇವರಿಗೂ ತೊಂದರೆಯಿಲ್ಲ, ಕೆಲಸ ಹೇಗೂ ಮುದಕಪ್ಪ ಮಾಡಿರುತ್ತಾನೆ.

ಮಂಗಳವಾರ ಸಂಜೆ ನಮ್ಮ ಸಭೆಯ ಗುಡಿಯ ಬಾಗಿಲು ತೆಗೆಯಲು ಹೋದರೆ ಅಂಗಳದ ತುಂಬ ಕೊಡಗಳು. ಹಿತ್ತಾಳೆಯವು, ಪ್ಲಾಸ್ಟಿಕಿನವು, ಹಿಡಿಕೆ ಮುರಿದ ಬಕೀಟು, ನೀಲವ್ವನ ನೂಲು ನೆನೆಸುವ ದೊಡ್ಡ ಟಬ್ಬು. ಪ್ರಾರ್ಥನೆ ಇದೆ ಎಂದು ನಾನು ಹೇಳಿ ಕಳಿಸಿದ್ದೆ ಅಷ್ಟೆ. ಆಮೆನ್ ಅಂದ ಕೂಡಲೇ ನೀರು ಬರುತ್ತದೆ, ಆಗ ಮನೆಗೆ ಓಡಿದರೆ ತಡವಾಗುತ್ತದೆ ಎಂದು ಮಕ್ಕಳೇ ಯೋಚಿಸಿ ಎಲ್ಲರಿಂದ ತರಿಸಿದ್ದರು. ಸಲೋಮಿ ಶಾಂತವ್ವನ ಸೆರಗು ಹಿಡಿದು ಕೂತಿದ್ದಳು. ಅವಳ ಸಣ್ಣ ಬಿಂದಿಗೆಯೂ ಸಾಲಿನಲ್ಲಿತ್ತು. ಈಗ ಪ್ರಾರ್ಥಿಸಿ, ನೀರು ಬರದೆ, ಎಲ್ಲರೂ ಖಾಲಿ ಕೊಡ ಎತ್ತಿಕೊಂಡು ಹೋದರೆ ಆ ಹುಡುಗಿಯ ಗತಿ? ನಾನು, ಕೊಡಗಳು ಇವತ್ತು ಬೇಡ, ಮನೆಯಲ್ಲಿಟ್ಟು ಬನ್ನಿ, ದೇವರು ನಾಳೆ ಮುಂಜಾನೆ ಕೊಡುತ್ತಾನೆ ಎಂದೆ.

ಮೂರು ದಿನ ತುಟಿ ಬಿಚ್ಚದವಳು ಆಗ ತಲೆ ಎತ್ತಿದಳು. "ನಾಳಿ ಮುಂಜಾನಿ ಅಂತ ನಿಮಗ ಹ್ಯಾಂಗ ಗೊತ್ತಾತ್ರಿ, ಅಕ್ಕೋರ? ಇನ್ನೂ ಪ್ರಾರ್ಥನೀನ ಮಾಡಿಲ್ಲ."

ಹನ್ನೊಂದು ಮಕ್ಕಳು, ನೀಲವ್ವ, ಶಾಂತವ್ವ, ಇಪ್ಪತ್ತು ಕೊಡಗಳು ಬಾಯಿ ತೆರೆದುಕೊಂಡು ನನ್ನತ್ತ ನೋಡಿದವು. ಸುಳ್ಳು ಹೇಳಲು ಬಾರದವಳೇನಲ್ಲ, ನಾಳೆ ರವಿಕೆ ಕೊಡುತ್ತೇನೆ ಎಂದು ದಿನವೂ ಹೇಳುವವಳು. ಆದರೆ ಆ ಹುಡುಗಿಯ ಮುಖದ ಮುಂದೆ ಬರಲಿಲ್ಲ. ಮುದಕಪ್ಪ ಹೇಳಿದ ಎಂದೆ. ಜೆಸಿಬಿಯ ಹಲ್ಲು, ಒಡೆದ ಪೈಪು, ಚಹಾದಂಗಡಿ ಎಲ್ಲವನ್ನೂ ಹೇಳಿದೆ. ಮೊದಲೇ ವಿಚಾರಿಸಿಕೊಂಡು ಬಂದು ಪ್ರಾರ್ಥನೆ ಇಟ್ಟುಕೊಂಡಿದ್ದೇನೆ ಎಂಬುದನ್ನೂ ಹೇಳಿದೆ. ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಈ ಸಲ ಅವಳು ನಗುತ್ತಿದ್ದಳು.

ಸಲೋಮಿ ನಗಲಿಲ್ಲ. ಶಾಲೆಯಲ್ಲಿ ಲೆಕ್ಕ ಬಿಡಿಸುವವಳ ಹಾಗೆ ಹುಬ್ಬು ಗಂಟಿಕ್ಕಿಕೊಂಡು ಕೇಳಿದಳು: "ಆ ಜೆಸಿಬಿ ನಡಸಾಂವ ನಾ ಪ್ರಾರ್ಥನಿ ಮಾಡಿದ್ದು ಕೇಳಿದ್ನೇನ್ರಿ?"

"ಇಲ್ಲವ್ವಾ. ಅಂವ ಬ್ಯಾರೆ ಊರಾಂವ. ನಿನ್ನ ಹೆಸರೂ ಗೊತ್ತಿಲ್ಲ ಅಂವಗ."

"ಹಂಗಾದ್ರ ಅಮ್ಮನ ಕಾಲು ನೂಸಿದ್ದು ನನ್ನಿಂದ ಅಲ್ಲ?"

"ನಿನ್ನಿಂದ ಅಲ್ಲ. ಹಂಗ ಬೇಡಿಕೋ ಅಂದಾಕಿ ನಾ. ಬೈಯೋದಿದ್ರ ನನಗ ಬೈ."

ಅವಳು ಬೈಯಲಿಲ್ಲ. ಶಾಂತವ್ವನ ಸೆರಗು ಬಿಟ್ಟು, ಕಣ್ಣು ಮುಚ್ಚಿ, ಕೈ ಜೋಡಿಸಿ, ಓಣಿ ಮತ್ತು ಬೇವಿನ ಮರದಿಂದ ಶುರುಮಾಡಿದಳು. ಅಜ್ಜಿಯ ಮೊಣಕಾಲು ಬಂತು, ಎಡಗಾಲು ಎಂದು ಬಿಡಿಸಿ ಹೇಳಿದಳು. ಪೈಪು ಜೋಡಿಸುವವರ ಕೈಗೆ ಬಲ ಬೇಡಿದಳು. ಯಾವ ವಾರವಾದರೂ ಆಗಲಿ, ರವಿವಾರವಾದರೂ ನಡೆದೀತು ಎಂದು ಹಳೆಯ ಅರ್ಜಿಯನ್ನು ತಿದ್ದಿದಳು. ಕೊನೆಗೆ, ನಮ್ಮ ಅಕ್ಕೋರಿಗೂ ನಂಬಿಕೆ ಕೊಡಪ್ಪಾ ಎಂದು ನನ್ನ ಮನೆಯ ಬಾಗಿಲಿನ ಬಣ್ಣವನ್ನು ಹೇಳಿದಳು. ಹಸಿರು. ಸರಿಯಾಗಿಯೇ ಹೇಳಿದಳು.

ಬುಧವಾರ ನೀರು ಬರಲಿಲ್ಲ. ಮೋಟರ್ ಸುಟ್ಟಿದೆ ಎಂದು ಮುದಕಪ್ಪ ಕೀಲಿ ಹೊತ್ತುಕೊಂಡು ನಮ್ಮ ಓಣಿ ತಪ್ಪಿಸಿ ಓಡಾಡತೊಡಗಿದ. ನಾನು ಹೆದರಿಕೊಂಡೇ ಸಲೋಮಿಯ ಮನೆಗೆ ಹೋದೆ. ಅವಳು ರೊಟ್ಟಿ ತಿನ್ನುತ್ತಿದ್ದಳು. ದೇವರು ಮುದಕಪ್ಪ ಕಾಕಾನಿಗೂ ಪಕ್ಕಾ ಹೇಳಿರಲಿಲ್ಲ ಬಿಡ್ರಿ ಎಂದು ನನ್ನನ್ನೇ ಸಮಾಧಾನ ಮಾಡಿ, ಮತ್ತೊಂದು ತುತ್ತು ಮುರಿದಳು.

ನೀರು ಬಂದದ್ದು ರವಿವಾರ, ಒಂಬತ್ತು ದಾಟಿದ ಮೇಲೆ. ಸಲೋಮಿ ಪ್ರಾರ್ಥನೆ ಮಾಡುತ್ತಿದ್ದಳು, ಹತ್ತು ಮಕ್ಕಳು ಕಣ್ಣು ಮುಚ್ಚಿ ಕೂತಿದ್ದರು. ಸುಂಯ್ ಎಂದಿತು. ಒಂದು ಮಗುವೂ ಕದಲಲಿಲ್ಲ. ಹದಿನಾಲ್ಕು ವರ್ಷದ ನನ್ನ ದುಡಿಮೆ ಕಡೆಗೂ ಫಲ ಕೊಟ್ಟಿತು ಎಂದು ಹೆಮ್ಮೆ ಪಡಬೇಕಾದ ಗಳಿಗೆ ಅದು. ಆದರೆ ನನಗೆ ನಮ್ಮ ಮನೆಯ ಖಾಲಿ ಹಂಡೆ, ಹತ್ತರ ತನಕ ಏಳದ ನಮ್ಮ ಮನೆಯವರು, ಒಂದೇ ತಾಸಿಗೆ ನಿಲ್ಲುವ ನೀರು ಇವೇ ಕಾಣುತ್ತಿದ್ದವು. ಸದ್ದಾಗದ ಹಾಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಮಂಡಿ ಎತ್ತಿದೆ. ಪ್ರಾರ್ಥನೆ ನಿಂತಿತು. ನೋಡಿದರೆ ಸಲೋಮಿ ಒಂದು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು.

"ಅಕ್ಕೋರ, ಎಲ್ಲಾರ ಕೊಡದ ಜೋಡಿ ನಿಮ್ಮ ಕೊಡಾನೂ ನಮ್ಮಮ್ಮ ನಳಕ್ಕ ಹಚ್ಚ್ಯಾಳ್ರಿ," ಎಂದಳು. "ಕುಂದರ್ರಿ. ಎರಡೂ ಕಣ್ಣು ಮುಚ್ಚರಿ."