ವಿನಮ್ರ ಸೇವಕರ ಕೀಲಿಕೈ ಜಗಳ

ಸರ್ಕಾರಿ ಪತ್ರದಲ್ಲಿ ನಗುವುದಕ್ಕೆ ಏನಿದೆ ಎನ್ನುವವರು ಎಪ್ಪತ್ತರ ದಶಕದಲ್ಲಿ ನಮ್ಮ ಸಾಹೇಬರ ಕೈಕೆಳಗೆ ಒಂದು ವಾರ ಟೈಪ್ ಮಾಡಬೇಕಿತ್ತು. ನಾನು ಸಿಂದಗಿ ಕಡೆಯ ಒಂದು ಶಿಕ್ಷಣ ಕಚೇರಿಯಲ್ಲಿ ವರ್ಷಗಟ್ಟಲೆ ಮಾಡಿದೆ.

೧. ರದ್ದಿ ಅಂಗಡಿಯ ಅಮೆರಿಕ

ಸಾಹೇಬರು ವಿಜಾಪುರದ ರದ್ದಿ ಅಂಗಡಿಯಿಂದ ರಟ್ಟು ಹರಿದ ಇಂಗ್ಲಿಷ್ ಪುಸ್ತಕವೊಂದನ್ನು ತಂದರು. ಅಮೆರಿಕದ ಸರ್ಕಾರ ಇನ್ನೂ ಹೊಸದಾಗಿದ್ದಾಗ ಅಲ್ಲಿನ ಮಂತ್ರಿಗಳು, ಅಧಿಕಾರಿಗಳು ಒಬ್ಬರಿಗೊಬ್ಬರು ಬರೆದ ಕಚೇರಿ ಪತ್ರಗಳು ಅದರಲ್ಲಿದ್ದವು. ಒಬ್ಬರ ಮುಖ ಒಬ್ಬರಿಗಾಗದು. ಮೂರು ಪುಟ ತಪ್ಪು ಎತ್ತಿ ತೋರಿಸಿ, ಕೊನೆಗೆ 'ತಮ್ಮ ಅತ್ಯಂತ ವಿಧೇಯ, ವಿನಮ್ರ ಸೇವಕ' ಎಂದು ಸಹಿ. ಜಗಳಾಡಿದರೆ ಹೀಗೆ ಆಡಬೇಕು ಎಂದು ಸಾಹೇಬರು ಕಣ್ಣೊರೆಸಿಕೊಂಡರು.

ಅಂದಿನಿಂದ ನಮ್ಮ ಪತ್ರಗಳಿಗೂ ಅದೇ ಬಾಲ. ತಡವಾಗಿ ಬಂದ ಮಾಸ್ತರರೊಬ್ಬರಿಗೆ ನೋಟಿಸು ಹೋಯಿತು, ಕೆಳಗೆ ಸಾಹೇಬರೇ ಸೇವಕರು. ನೌಕರಿ ಹೋಯಿತೆಂದೇ ತಿಳಿದ ಮಾಸ್ತರರು ಹೊರ್ತಿಯಿಂದ ಮೊದಲ ಬಸ್ಸಿಗೆ ಓಡಿ ಬಂದು ಕೈಮುಗಿದರು. "ಬೇಕಾದಷ್ಟು ಬೈರಿ ರಾವಸಾಬ್ರ. ಇಷ್ಟು ಮರ್ಯಾದಿ ಕೊಟ್ರ ಎದಿ ಒಡೀತೈತಿ."

೨. ಗೋಡೆಯಾಚೆಯ ಉತ್ತರ

ಒಂದು ಹಳ್ಳಿಯಲ್ಲಿ ಶಾಲೆಗೆ ಹೊಸ ಕೋಣೆ ಕಟ್ಟಿ ಆರು ತಿಂಗಳಾಗಿತ್ತು. ಕೀಲಿಕೈ ಮಾತ್ರ ಕೋಣೆ ಕಟ್ಟಿಸಿದ ಎಂಜಿನಿಯರರ ಹತ್ತಿರವೇ ಇತ್ತು. ಕೋಣೆ ವಶಕ್ಕೆ ಬಂತೆಂದು ಬರೆದುಕೊಟ್ಟರೆ ಕೀಲಿಕೈ ಎಂದು ಅವರು, ಕೀಲಿಕೈ ಬಂದರೆ ಬರೆದುಕೊಡುತ್ತೇನೆ ಎಂದು ನಮ್ಮ ಸಾಹೇಬರು. ಮಕ್ಕಳು ಮಾತ್ರ ಬೇವಿನ ನೆರಳು ಸರಿದಂತೆಲ್ಲ ಪಾಟಿ-ಬಳಪ ಹಿಡಿದು ಸರಿಯುತ್ತಿದ್ದರು. ಅದೊಂದು ಸಂಕಟ ಸಾಹೇಬರನ್ನು ಊಟಕ್ಕೂ ಬಿಡುತ್ತಿರಲಿಲ್ಲ.

ನಮ್ಮ ಕಚೇರಿಗೂ ಎಂಜಿನಿಯರರ ಕಚೇರಿಗೂ ನಡುವೆ ಒಂದೇ ಗೋಡೆ. ಸಾಹೇಬರು ಗಟ್ಟಿಯಾಗಿ ಹೇಳಿ ನನ್ನಿಂದ ಟೈಪ್ ಮಾಡಿಸುವುದು ಆಚೆಗೆ ಕೇಳುತ್ತಿತ್ತು. ಒಮ್ಮೆ ನಾನು ಹೊರಹೋಗುವ ಪತ್ರಗಳ ಜಾವಕ ವಹಿಯಲ್ಲಿ ನಂಬರು ಹಾಕುವ ಮೊದಲೇ ಆಚೆ ಕಚೇರಿಯ ಸಿಪಾಯಿ ಉತ್ತರ ತಂದ. ಮೊದಲ ಸಾಲು: ತಾವು ಇನ್ನೂ ಕಳಿಸದ ಪತ್ರ ಮುಟ್ಟಿತು.

೩. ಕಸಬರಿಗೆ

ಕೊನೆಗೆ ಎಂಜಿನಿಯರರು ರೇಗಿ ಬರೆದರು: ತಾವು ನನ್ನ ಸೇವಕರೆಂದು ಹದಿನಾಲ್ಕು ಸಲ ಬರೆದಿದ್ದೀರಿ. ಸೋಮವಾರ ಕೋಣೆ ತೆರೆಸಿಡುತ್ತೇನೆ, ಬಂದು ಕಸ ಹೊಡೆಯಿರಿ.

ನನಗೆ ಮೈಯೆಲ್ಲ ಉರಿಯಿತು. ಸೋಮವಾರ ಸಾಹೇಬರು ಕಸಬರಿಗೆ ಬಗಲಲ್ಲಿಟ್ಟು, ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದರು. ಅಂಗಿಯ ತೋಳು ಮಡಚಿ ಕೋಣೆಯ ಮೂಲೆ ಮೂಲೆ ಗುಡಿಸಿದರು. ಅಂಥವರ ಕೈಕೆಳಗೆ ದುಡಿದೆನೆಂಬ ಹೆಮ್ಮೆ ನನಗೆ ಇಂದಿಗೂ ಇದೆ.

ಮಜಾ ನೋಡಲು ಬಂದಿದ್ದ ಎಂಜಿನಿಯರರ ಮುಖ ಇಳಿಯಿತು. ಓಡಿ ಬಂದು ಕಸಬರಿಗೆ ಹಿಡಿದುಕೊಂಡರು. ಸಾಹೇಬರು ಬಿಡಲಿಲ್ಲ. "ಕಸಬರಿಗಿ ಬೇಕಂದ್ರ ಬರದು ಕೊಡ್ರಿ. ಕೀಲಿಕೈನೂ ಅದರಾಗ ಸೇರಸ್ರಿ."

ಇಬ್ಬರೂ ಕೋಣೆಯೊಳಗೇ ಹಿಂದಿನ ಗೋಡೆಗೆ ಒರಗಿ ಕುಳಿತು ಪತ್ರದ ಒಕ್ಕಣೆಗೆ ವಾದ ಹಚ್ಚಿದರು. ಅಷ್ಟರಲ್ಲಿ ಊರ ಮಾಸ್ತರರು ಸದ್ದಿಲ್ಲದೆ ಮಕ್ಕಳನ್ನೆಲ್ಲ ಒಳಗೆ ಕೂಡಿಸಿ, ಹಲಗೆಯತ್ತ ತಿರುಗಿ ಮಗ್ಗಿ ಬರೆಯತೊಡಗಿದ್ದರು. ತಿರುಗದೆಯೇ ಗದರಿದರು. "ಹಿಂದ ಯಾರಲೇ ಮಾತಾಡಾಕತ್ತೋರು? ಬಾಯಿ ಮ್ಯಾಲ ಬೆರಳಿಡ್ರಿ."

ಇಬ್ಬರು ಅಧಿಕಾರಿಗಳೂ ಬಾಯಿ ಮೇಲೆ ಬೆರಳಿಟ್ಟರು. ಎಂಜಿನಿಯರರು ಇನ್ನೊಂದು ಕೈಯಿಂದ, ಮಾಸ್ತರರು ನೋಡದ ಹಾಗೆ, ಕೀಲಿಕೈಯನ್ನು ಸಾಹೇಬರ ಜೇಬಿಗೆ ಇಳಿಬಿಟ್ಟರು.