ಗಡಿಗುರುತು ಸಂಖ್ಯೆ ಹದಿನಾಲ್ಕು ಕಚೇರಿಯ ಅಂಗಳಕ್ಕೆ ಬಂದು ನಿಂತಿರುವ ಬಗ್ಗೆ

ಗಡಿ ಮತ್ತು ಗುರುತುಗಳ ವಿಭಾಗ
ಲಪ್ತೀನೊ ಜಿಲ್ಲಾಡಳಿತ ಕಚೇರಿ (ಕಿಟಕಿಯ ಬಳಿಯ ಮೂಲೆ ಮಾತ್ರ)

ಸಂಖ್ಯೆ: ಗಗು/ಬಾನ್ಯಾ/14/2004
ದಿನಾಂಕ: 19 ಏಪ್ರಿಲ್ 2004
(ಇದು ಎರಡನೇ ಪ್ರತಿ. ಮೊದಲನೆಯದು ಉಗಿಗೆ ನೆನೆದು ಮುದ್ದೆಯಾಗಿದೆ.)

ಸುತ್ತೋಲೆ

ವಿಷಯ: ಓಪ್ಯೋಂಕಿ ಗ್ರಾಮದ ಬಾನ್ಯಾವು ಅಂಗಳದಲ್ಲಿರುವವರೆಗೆ ನೌಕರರು ಪಾಲಿಸಬೇಕಾದ ನಿಯಮಗಳು ಹಾಗೂ ಸದರಿ ಬಾನ್ಯಾವನ್ನು ಹೇಗಾದರೂ ಮಾಡಿ ವಾಪಸ್ ಕಳಿಸುವ ಕುರಿತು.

ಉಲ್ಲೇಖ:
1. 1929ರ ಗಡಿ ಸಮಿತಿಯ ನಡಾವಳಿ, ಪುಟ 14 (ಪುಟಕ್ಕೆ ಬರ್ಚ್ ಎಲೆಯೊಂದು ಅಂಟಿಕೊಂಡಿದೆ).
2. ಸೇತುವೆ ಕೋರಿ ನಾಗರಿಕೆ ಗ್ಲಾಫಿರಾ ಯೆಫಿಮೋವ್ನಾ ಸಲ್ಲಿಸಿದ ಅರ್ಜಿಗಳು, ಒಟ್ಟು ಹನ್ನೊಂದು, ವರ್ಷಕ್ಕೊಂದರಂತೆ.
3. ಅವುಗಳಿಗೆ ಕೊಡಲಾದ ಉತ್ತರಗಳು, ಒಟ್ಟು ಒಂದು ("ಪರಿಶೀಲನೆಯಲ್ಲಿದೆ").
4. ನೆರೆಯ ಗ್ರುಜ್ದೀನೊ ಜಿಲ್ಲಾಡಳಿತದ ಪತ್ರ ("ನಮಗೆ ಬೇಡ").

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸಮಸ್ತ ಅಧಿಕಾರಿಗಳು, ನೌಕರರು, ಕಾವಲುಗಾರರು ಹಾಗೂ ಕಚೇರಿಯ ಬೆಕ್ಕಿನ ಗಮನಕ್ಕೆ ಈ ಕೆಳಕಂಡಂತೆ ತರಲಾಗಿದೆ.

1. ಹಿನ್ನೆಲೆ. 1929ರಲ್ಲಿ ಲಪ್ತೀನೊ ಜಿಲ್ಲೆ ರಚನೆಯಾದಾಗ ಗಡಿ ಹಾಕಲು ಬಂದ ಮೂವರು ಮೋಜಣಿದಾರರು ಹದಿಮೂರು ಕಂಬ ನೆಟ್ಟು, ಹದಿನಾಲ್ಕನೆಯದನ್ನು ಹೆಗಲ ಮೇಲೆ ಹೊತ್ತು ಮೊಕ್ರುಷಾ ನದಿಯಾಚೆಯ ಓಪ್ಯೋಂಕಿ ಗ್ರಾಮ ತಲುಪಿದರು. ಮಳೆಯಲ್ಲಿ ತೊಪ್ಪೆಯಾಗಿದ್ದ ಅವರಿಗೆ ಫ್ಯೋಕ್ಲಾ ಎಂಬ ನಾಗರಿಕೆ ತನ್ನ ಬಾನ್ಯಾವನ್ನು, ಅಂದರೆ ನದಿದಂಡೆಯ ಮೇಲಿದ್ದ ದಿಮ್ಮಿಗಳ ಉಗಿಸ್ನಾನದ ಮನೆಯನ್ನು, ಕಾಯಿಸಿಕೊಟ್ಟಳು. ಉಗಿ ಹದಕ್ಕೆ ಬರುವ ಹೊತ್ತಿಗೆ ಸೌದೆ ಮುಗಿದುಹೋದ ಕಾರಣ ಹದಿನಾಲ್ಕನೆಯ ಕಂಬವನ್ನು ಸರ್ವಾನುಮತದಿಂದ ಒಲೆಗೆ ಹಾಕಲಾಯಿತು. ಮಾರನೆಯ ದಿನ ನಡಾವಳಿಯಲ್ಲಿ, "ಹದಿನಾಲ್ಕನೇ ಗುರುತು: ಫ್ಯೋಕ್ಲಾಳ ಬಾನ್ಯಾದ ಹೊಗೆಗೊಳವೆ. ಗುರುತು ಎಲ್ಲಿರುವುದೋ ಗಡಿ ಅಲ್ಲಿರತಕ್ಕದ್ದು. ಗುರುತನ್ನು ಕೆಡವಿದವರು ಶಿಕ್ಷಾರ್ಹರು" ಎಂದು ಬರೆಯಲಾಯಿತು. ಮೂವರ ಸಹಿಗಳೂ ಕೊಂಚ ಓರೆಯಾಗಿವೆ.

2. ಈ ಗಡಿರೇಖೆಯು ಬಾನ್ಯಾದೊಳಗಿನ ಮೇಲಿನ ಹಲಗೆಯನ್ನು ಅಡ್ಡಡ್ಡ ದಾಟುವುದರಿಂದ, ಹಲಗೆಯ ಮೇಲೆ ಮೈಚಾಚಿದ ನಾಗರಿಕನ ತಲೆ ಲಪ್ತೀನೊದಲ್ಲೂ ಕಾಲು ಗ್ರುಜ್ದೀನೊದಲ್ಲೂ ಇರುತ್ತಿತ್ತು. ಓಪ್ಯೋಂಕಿಯ ಹೆಂಗಸರು ಹೆರಿಗೆಗೂ ಅದೇ ಹಲಗೆಯನ್ನು ಬಳಸುತ್ತಿದ್ದ ಕಾರಣ, "ಕೂಸಿನ ತಲೆ ಯಾವ ಜಿಲ್ಲೆಯಲ್ಲಿ ಮೊದಲು ಕಂಡಿತೋ ಕೂಸು ಆ ಜಿಲ್ಲೆಯದು" ಎಂದು 1931ರಲ್ಲಿ ಸ್ಪಷ್ಟೀಕರಣ ನೀಡಲಾಯಿತು. 1963ರಲ್ಲಿ ಲಪ್ತೀನೊ ಜಿಲ್ಲೆಯನ್ನು ರದ್ದುಪಡಿಸಿ ಗ್ರುಜ್ದೀನೊಗೆ ಸೇರಿಸಲಾಯಿತು. ಆ ಎರಡು ವರ್ಷ ಇಡೀ ಮೈಯನ್ನು ಒಂದೇ ಜಿಲ್ಲೆಯಲ್ಲಿ ಚಾಚಿ ಮಲಗಿದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. 1965ರಲ್ಲಿ ಜಿಲ್ಲೆಯನ್ನು ಮರುಸ್ಥಾಪಿಸಿ ಅದರ ಬೀರುವನ್ನು ಹಿಂದಿರುಗಿಸಲಾಯಿತು. ಬೀರುವಿನ ಒಂದು ಕಾಲು ಇನ್ನೂ ಗ್ರುಜ್ದೀನೊದಲ್ಲಿದೆ, ಪತ್ರವ್ಯವಹಾರ ಮುಂದುವರಿದಿದೆ.

3. 1993ರಲ್ಲಿ ಹಿಮ ಕರಗಿ ಬಂದ ಪ್ರವಾಹದಲ್ಲಿ ಓಪ್ಯೋಂಕಿಯ ಸೇತುವೆ ಕೊಚ್ಚಿಹೋಯಿತು. ಈಚೆಯ ಕಂಬ ಲಪ್ತೀನೊದ್ದು, ಆಚೆಯ ಕಂಬ ಗ್ರುಜ್ದೀನೊದ್ದು, ನಡುವಿನ ಹಲಗೆಗಳು ಯಾರವೂ ಅಲ್ಲ ಎಂದು ಎರಡೂ ಜಿಲ್ಲೆಗಳು ಒಮ್ಮತಕ್ಕೆ ಬಂದವು. ಇದು ಅವು ಒಮ್ಮತಕ್ಕೆ ಬಂದ ಏಕೈಕ ಸಂಗತಿ. ಅಂದಿನಿಂದ ಪ್ರತಿ ವಸಂತದಲ್ಲಿ ಹಿಮ ಕರಗಿ ರಸ್ತೆ ಕೆಸರಾಗುವ ಆರು ವಾರ ಬ್ರೆಡ್ಡಿನ ಗಾಡಿ ಈಚೆ ದಡದಲ್ಲೇ ನಿಂತು ಹಾರ್ನ್ ಹೊಡೆದು ವಾಪಸಾಗುತ್ತದೆ. ನಲವತ್ತೊಂದು ಮನೆಗಳ ಜನ ಆಚೆ ದಡದಿಂದ ಅದಕ್ಕೆ ಕೈಬೀಸುತ್ತಾರೆ. ಕಳೆದ ವರ್ಷ ಗ್ಲಾಫಿರಾ ಯೆಫಿಮೋವ್ನಾ ಅವರ ಮೊಮ್ಮಗಳ ಹೆರಿಗೆಗೆ ದಾದಿಯು ಬಟ್ಟೆ ಒಗೆಯುವ ಮರದ ತೊಟ್ಟಿಯಲ್ಲಿ ಕುಳಿತು ನದಿ ದಾಟಿದರು. ನಟ್ಟನಡುವೆ ತೊಟ್ಟಿಯು ಮೂರು ಸುತ್ತು ಸುತ್ತಿತು. ದಡದಲ್ಲಿ ಪರಿವೀಕ್ಷಣೆಗೆಂದು ನಿಂತಿದ್ದ, ಈ ಸುತ್ತೋಲೆಯ ಸಹಿದಾರ ಅಧಿಕಾರಿಯ ಜೀವ ಬಾಯಿಗೆ ಬಂದಿತ್ತೆಂದು ಈ ಮೂಲಕ ದಾಖಲಿಸಲಾಗಿದೆ. ದಾದಿ ಕ್ಷೇಮ, ಬಾಣಂತಿ ಕ್ಷೇಮ, ಕೂಸು ಕ್ಷೇಮ. ತೊಟ್ಟಿ ಪತ್ತೆಯಾಗಿಲ್ಲ.

4. ಘಟನೆ. ಇದೇ ಮಾರ್ಚ್ 28ರಂದು, ನದಿಯ ಮಂಜುಗಡ್ಡೆ ಒಡೆಯುವುದಕ್ಕೆ ಸರಿಯಾಗಿ ಎರಡು ದಿನ ಮೊದಲು, ಫ್ಯೋಕ್ಲಾಳ ಮೊಮ್ಮಗಳಾದ ಸದರಿ ಗ್ಲಾಫಿರಾ ಯೆಫಿಮೋವ್ನಾ (71 ವರ್ಷ) ಬಾನ್ಯಾದ ಅಡಿಗೆ ಎರಡು ಜಾರುದಿಮ್ಮಿ ಕೊಟ್ಟು, ಟ್ರ್ಯಾಕ್ಟರಿಗೆ ಕಟ್ಟಿಸಿ, ಮಂಜುಗಡ್ಡೆಯ ಮೇಲೆ ನದಿ ದಾಟಿಸಿ, ಆರು ಕಿಲೋಮೀಟರ್ ಎಳೆಸಿಕೊಂಡು ಬಂದು ಜಿಲ್ಲಾಡಳಿತ ಕಚೇರಿಯ ಮುಂದೆ ನಿಲ್ಲಿಸಿದರು. ಬರುವಾಗ ಒಲೆ ಉರಿಯುತ್ತಿತ್ತು. ಅಂಗಳಕ್ಕೆ ಬಂದ ಜಿಲ್ಲಾ ಮುಖ್ಯಸ್ಥರು, "ಏನಮ್ಮಾ ಇದು? ಕಚೇರಿ ಮುಂದೆ ಸ್ನಾನದ ಮನೆ ತಂದು ಇಟ್ಟಿದ್ದೀಯಲ್ಲ, ತಲೆ ಗಿಲೆ ಕೆಟ್ಟಿದೆಯಾ?" ಎಂದು ವಿಚಾರಿಸಿದರು. ನಾಗರಿಕೆಯ ಉತ್ತರವನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಸ್ನಾನದ ಮನೆ ಅಲ್ಲ ಸ್ವಾಮೀ, ಇದು ಗಡಿ. ಹನ್ನೊಂದು ವರ್ಷ ನಾನೇ ನಿಮ್ಮ ಹತ್ರ ಬಂದೆ, ಗಡಿ ವಿಷಯ ಗಡಿ ವಿಷಯ ಅಂತ ಸಾಗಹಾಕಿದ್ರಿ. ಈಗ ಗಡಿಯನ್ನೇ ಕರ್ಕೊಂಡು ಬಂದಿದ್ದೀನಿ, ಅದ್ರ ಹತ್ರಾನೇ ಮಾತಾಡ್ಕೊಳ್ಳಿ."

5. ಟ್ರ್ಯಾಕ್ಟರ್ ಚಾಲಕ ಗೆರಾಸಿಮ್‌ನ ಹೇಳಿಕೆ: "ಗ್ಲಾಶಾ ಅತ್ತೆ (ಅಂದರೆ ಸದರಿ ನಾಗರಿಕೆ) ಎಳಿ ಅಂದ್ರು, ಎಳೆದೆ. ಒಳಗೆ ಯಾರೋ ಹಾಡ್ತಾ ಇದ್ರು. ಎಲೆಕೋಸಿನ ಕಡುಬು ಕೊಟ್ರು. ಜಿಲ್ಲೆ ಎಳೀತಾ ಇದ್ದೀನಿ ಅಂತ ನಂಗೇನು ಗೊತ್ತು? ಭಾರ ಏನೂ ಇರ್ಲಿಲ್ಲ."

6. ಪರಿಣಾಮ. ನಡಾವಳಿಯ ಪ್ರಕಾರ ಗುರುತು 13ರಿಂದ 14ಕ್ಕೂ 14ರಿಂದ 15ಕ್ಕೂ ನೇರ ಗೆರೆ ಎಳೆಯಲಾಗಿ, ಗಡಿಯು ಹಿಂದಿನ ಬೇಲಿ ಹಾರಿ, ಮುಖ್ಯಸ್ಥರ ಕೊಠಡಿಯನ್ನು ಸೀಳಿ, ಅಂಗಳದ ಬಾನ್ಯಾ ಮುಟ್ಟಿ, ಮರಳುವಾಗ ಪಡಸಾಲೆ ಮತ್ತು ಶೌಚಾಲಯದ ನಡುವೆ ಹಾದುಹೋಗುವುದು ಕಂಡುಬಂದಿದೆ. ಮುಖ್ಯಸ್ಥರ ಮೇಜು ಲಪ್ತೀನೊದಲ್ಲಿ ಉಳಿದಿದ್ದು ಕುರ್ಚಿಯು ಗ್ರುಜ್ದೀನೊಗೆ ಸೇರಿದೆ. ಶೌಚಾಲಯವು ಪೂರ್ತಿಯಾಗಿ ಗ್ರುಜ್ದೀನೊ ಪಾಲಾಗಿದೆ.

7. ಆದ್ದರಿಂದ ಮುಂದಿನ ಆದೇಶದವರೆಗೆ ನೌಕರರಿಗೆ ಈ ಮೂಲಕ ಸೂಚಿಸಿರುವುದೇನೆಂದರೆ:

(ಅ) ಶೌಚಾಲಯಕ್ಕೆ ಹೋಗುವುದನ್ನು ಜಿಲ್ಲೆಯ ಹೊರಗಿನ ಅಧಿಕೃತ ಪ್ರವಾಸವೆಂದು ಪರಿಗಣಿಸಲಾಗುವುದು. ಪ್ರವಾಸದ ಉದ್ದೇಶವನ್ನು ಮೂರು ಪ್ರತಿಗಳಲ್ಲಿ ನಮೂದಿಸಿ ಪೂರ್ವಾನುಮತಿ ಪಡೆಯತಕ್ಕದ್ದು. ತುರ್ತು ಸಂದರ್ಭಕ್ಕಾಗಿ ಸಹಿ ಮಾಡಿದ ಆದೇಶವೊಂದನ್ನು ಬಾಗಿಲ ಮೊಳೆಗೆ ಸಿಕ್ಕಿಸಲಾಗಿದೆ. ಅದನ್ನು ಬೇರೆ ಯಾವ ಉಪಯೋಗಕ್ಕೂ ಬಳಸಕೂಡದು. (ನಾಲ್ಕು ಆದೇಶಗಳು ಈಗಾಗಲೇ ಕಾಣೆಯಾಗಿವೆ.)

(ಆ) ಮುಖ್ಯಸ್ಥರು ಗ್ರುಜ್ದೀನೊದಲ್ಲಿ ಕುಳಿತು ಲಪ್ತೀನೊದ ಕಾಗದಕ್ಕೆ ಸಹಿ ಹಾಕುವುದು ಕಾನೂನುಬಾಹಿರವಾದ್ದರಿಂದ ಅವರು ನಿಂತು, ಮೇಜಿನ ಮೇಲೆ ಹೊಟ್ಟೆಯ ತನಕ ಬಾಗಿ ಸಹಿ ಹಾಕತಕ್ಕದ್ದು. ಆ ವೇಳೆ ಕಾಲು ನೆಲ ಬಿಟ್ಟರೆ ಹಿಡಿದುಕೊಳ್ಳಲು ಒಬ್ಬ ನೌಕರನನ್ನು ನಿಯೋಜಿಸಲಾಗಿದೆ.

(ಇ) ಚಹಾದ ಹಂಡೆಯಾದ ಸಮೋವಾರಿನ ಹಿಡಿ ನಮ್ಮಲ್ಲೂ ನಲ್ಲಿ ಗ್ರುಜ್ದೀನೊದಲ್ಲೂ ಇರುವುದರಿಂದ, ಅದರಿಂದ ಸುರಿಯುವ ಚಹಾ ನೆರೆಜಿಲ್ಲೆಯ ಕೊಡುಗೆಯಾಗಿರುತ್ತದೆ. ಪ್ರತಿ ಲೋಟಕ್ಕೂ ಕೃತಜ್ಞತಾ ಪತ್ರ ಬರೆಯುವುದು. ಈಗಾಗಲೇ ಬರೆದ ಪತ್ರಗಳು ತಲುಪತೊಡಗಿದ ಮೂರನೆಯ ದಿನ ಗ್ರುಜ್ದೀನೊದವರು, "ದಯಮಾಡಿ ಚಹಾ ಬಿಡಿ, ತಣ್ಣನೆಯ ಕ್ವಾಸ್ ಪಾನಕ ಕುಡಿಯಿರಿ" ಎಂದು ತಂತಿ ಕಳಿಸಿದ್ದಾರೆ.

(ಈ) ಬಾನ್ಯಾದ ಉಗಿಯು ಕಿಟಕಿಯೊಳಗೆ ಬಂದಲ್ಲಿ ಅದನ್ನು ಹವಾಮಾನವೆಂದು ಪರಿಗಣಿಸುವುದು. ಉಗಿಗೆ ಅಂಚೆ ಲಕೋಟೆಗಳು ತಾವಾಗಿ ಬಿಚ್ಚಿಕೊಳ್ಳುತ್ತಿದ್ದು, ಬಿಚ್ಚಿಕೊಂಡವನ್ನು ಕಣ್ಣುಮುಚ್ಚಿ ಓದತಕ್ಕದ್ದು.

(ಉ) ಬೆಕ್ಕು ಬಾರ್ಸಿಕ್ ಗಡಿ ದಾಟುವುದನ್ನು ವಲಸೆಯೆಂದು ಭಾವಿಸಬೇಕಾಗಿಲ್ಲ. ಅದು ಗಡಿಯ ಮೇಲೆಯೇ ಮಲಗಿದಲ್ಲಿ ತಲೆಯ ಕಡೆಯವರು ಹಾಲು ಕೊಡುವುದು, ಬಾಲದ ಕಡೆಯವರು ಸುಮ್ಮನಿರುವುದು.

(ಊ) ನೌಕರರು ಕಚೇರಿ ವೇಳೆಯಲ್ಲಿ ಬಾನ್ಯಾ ಪ್ರವೇಶಿಸುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ಗಡಿ ಪರಿಶೀಲನೆಗೆ ಹೋಗುವವರಿಗೆ ಇದು ಅನ್ವಯಿಸುವುದಿಲ್ಲ. (ಕಳೆದ ಗುರುವಾರ ಮೂವತ್ತೆರಡು ಮಂದಿ ಗಡಿ ಪರಿಶೀಲನೆ ನಡೆಸಿದ್ದು, ಎಲ್ಲರೂ ಕೆಂಪಗೆ ಹಿಂದಿರುಗಿದ್ದಾರೆ. ಮುಖ್ಯಸ್ಥರು ಎರಡು ಸಲ ಪರಿಶೀಲಿಸಿದರು.)

(ಋ) ಯಾವ ಸಹಿಯನ್ನು ಯಾವ ಜಿಲ್ಲೆಯವನು ಹಾಕಿದ ಎಂಬ ಗೊಂದಲ ನಿವಾರಿಸಲು, ಇನ್ನು ಮುಂದೆ ಪ್ರತಿ ಅಧಿಕಾರಿಯೂ ಸಹಿಯ ಕೆಳಗೆ ತನ್ನ ಜನ್ಮಸ್ಥಳವನ್ನು ನಿಖರವಾಗಿ ನಮೂದಿಸತಕ್ಕದ್ದು. ಇದರಿಂದ ಯಾರಿಗೂ ವಿನಾಯಿತಿ ಇಲ್ಲ.

8. ಪರ್ಯಾಯಗಳ ಪರಿಶೀಲನೆ. ಬಾನ್ಯಾವನ್ನು ಕೆಡವುವುದು ಶಿಕ್ಷಾರ್ಹ. ನಡಾವಳಿ ತಿದ್ದಲು ಪ್ರಾಂತ್ಯದ ಕಚೇರಿಗೆ ಒಂಬತ್ತು ವರ್ಷ ಬೇಕು. ಗ್ರುಜ್ದೀನೊದ ಸೇತುವೆಯ ಮೂಲಕ ಸುತ್ತಿ ಸಾಗಿಸಲು ಕೋರಲಾಗಿ, ಗಡಿಯು ಬಾನ್ಯಾದೊಂದಿಗೇ ಸರಿಯುವುದರಿಂದ ದಾರಿಯಲ್ಲಿ ತಮ್ಮ ಆಸ್ಪತ್ರೆ, ಶಾಲೆ, ಮುಖ್ಯಸ್ಥರ ಅತ್ತೆಮನೆ ಎಲ್ಲವೂ ಲಪ್ತೀನೊ ಪಾಲಾಗುವುವೆಂದು ಅವರು ರಸ್ತೆಗೆ ಅಡ್ಡಲಾಗಿ ಲಾರಿ ನಿಲ್ಲಿಸಿದ್ದಾರೆ. ಬಂದ ದಾರಿಯಲ್ಲೇ ಕಳಿಸೋಣವೆಂದರೆ ಮಂಜುಗಡ್ಡೆ ಕರಗಿ ಮೊಕ್ರುಷಾ ತುಂಬಿ ಹರಿಯುತ್ತಿದೆ. ಹಾಗಾಗಿ ಸದರಿ ಬಾನ್ಯಾವನ್ನು ಹಿಂದಿರುಗಿಸಲು ಉಳಿದಿರುವ ಒಂದೇ ಒಂದು ಮಾರ್ಗವೆಂದರೆ ಓಪ್ಯೋಂಕಿಯ ಬಳಿ ನದಿಗೆ ಸೇತುವೆ. ಈ ತೀರ್ಮಾನವನ್ನು ಸಭೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಲಾಯಿತು. ಕಿಟಕಿಯಾಚೆಯಿಂದ ನಾಗರಿಕೆಯು, "ಅಂತೂ ಹೊಳೀತಾ?" ಎಂದು ಕೇಳಿದ್ದು ಸಭೆಯ ನಡಾವಳಿಯಲ್ಲಿ ಸೇರಿದೆ. ಸಹಿದಾರ ಅಧಿಕಾರಿಯು ನಗು ತಡೆಯಲಾಗದೆ ಕಡತವನ್ನು ಮುಖಕ್ಕೆ ಅಡ್ಡ ಹಿಡಿದರೆಂಬ ದೂರು ಬಂದಿದ್ದು, ಅದು ನಿಜವಾಗಿರುತ್ತದೆ.

9. ಆದೇಶ. ನದಿಯ ಎರಡೂ ಕಂಬಗಳನ್ನೂ ನಡುವಿನ ಅಷ್ಟೂ ಹಲಗೆಗಳನ್ನೂ ಲಪ್ತೀನೊ ಜಿಲ್ಲೆಯೇ ಹಾಕಿಸಿ, ಜೂನ್ 1ರೊಳಗೆ ಸೇತುವೆ ಮುಗಿಸತಕ್ಕದ್ದೆಂದು ಆದೇಶಿಸಲಾಗಿದೆ. ಉರಿಯುವ ಒಲೆ, ತುಂಬಿದ ಹಂಡೆ ಹಾಗೂ ಒಳಗೆ ಆರು ಜನರಿರುವ ಬಾನ್ಯಾವನ್ನು ತಾಳುವಷ್ಟು ಅದು ಗಟ್ಟಿಯಾಗಿರಬೇಕು. ತಣ್ಣಗಿನ ಬಾನ್ಯಾದಲ್ಲಿ ಹೋಗಬಹುದಲ್ಲವೇ ಎಂದು ಕೇಳಿದ್ದಕ್ಕೆ ನಾಗರಿಕೆಯು, "ತಣ್ಣಗೆ ಕೂತು ಹೋಗೋಕೆ ನಾನೇನು ಆಲೂಗಡ್ಡೆ ಮೂಟೆನಾ?" ಎಂದಿದ್ದಾರೆ. ಅಲ್ಲಿಯವರೆಗೆ ಮುಖ್ಯಸ್ಥರ ಸ್ವಂತ ಮೀನಿನ ದೋಣಿಯಲ್ಲಿ ಪ್ರತಿದಿನ ಓಪ್ಯೋಂಕಿಗೆ ಬ್ರೆಡ್ ಸಾಗಿಸುವುದು. ಸೇತುವೆಯ ಮೇಲೆ ಮೊದಲು ಬ್ರೆಡ್ಡಿನ ಗಾಡಿ, ಅನಂತರ ದಾದಿ, ಕೊನೆಗೆ ಬಾನ್ಯಾ ದಾಟತಕ್ಕದ್ದು.

10. ಬಾನ್ಯಾವನ್ನು ಸ್ವಸ್ಥಾನದಲ್ಲಿ ಇಳಿಸಿದ ಕೂಡಲೇ ಅದರ ಜಾರುದಿಮ್ಮಿಗಳನ್ನು ಈ ವಿಭಾಗಕ್ಕೆ ಒಪ್ಪಿಸುವಂತೆ ನಾಗರಿಕೆಗೆ ನೋಟಿಸ್ ನೀಡಲಾಗಿತ್ತು. ನೋಟಿಸಿನ ಹಿಂಬದಿಯಲ್ಲಿ ಬಂದ ಉತ್ತರ: "ಅವು ನನ್ನ ಹತ್ರಾನೇ ಇರ್ಲಿ. ಗ್ರೀಸ್ ಹಚ್ಚಿ ಇಟ್ಟಿರ್ತೀನಿ. ಸೇತುವೆ ಹಲಗೆ ಒಂದು ಅಲ್ಲಾಡಿದ್ರೂ ಬರ್ತೀನಿ."

11. ವಿಚಾರಣೆ. 1929ರ ನಡಾವಳಿಯು ಮೂರು ಕಾಲಿನ ಸದರಿ ಬೀರುವಿನಲ್ಲಿ ಬೀಗ ಹಾಕಿ ಇಡಲಾದ ಗೋಪ್ಯ ದಾಖಲೆಯಾಗಿದ್ದು, ಗಡಿಯು ಗುರುತಿನೊಂದಿಗೆ ಸರಿಯುವುದೆಂಬ ಅದರ ಪುಟ 14ರ ಸಾಲು ನಾಗರಿಕೆಗೆ ಹೇಗೆ ತಿಳಿಯಿತು ಎಂಬುದರ ವಿಚಾರಣೆಗೆ ಸಹಿದಾರ ಅಧಿಕಾರಿಯನ್ನು ನೇಮಿಸಲಾಗಿತ್ತು. ಬೀರುವಿನ ಏಕೈಕ ಕೀಲಿ ಸಹಿದಾರ ಅಧಿಕಾರಿಯ ಬಳಿಯೇ ಇರುವುದರಿಂದ ಅವರು ತಮಗೆ ತಾವೇ ನೋಟಿಸ್ ಕೊಟ್ಟು, ತಮ್ಮೆದುರು ತಾವೇ ಹಾಜರಾಗಿ, ಬಿಗಿಯಾಗಿ ಪ್ರಶ್ನಿಸಿಕೊಂಡರು. ಸಮಾಧಾನಕರ ಉತ್ತರ ಸಿಗಲಿಲ್ಲ. ನಾಗರಿಕೆಯ ಹೇಳಿಕೆ: "ಯಾರು ಹೇಳಿದ್ರು ಅಂತ ನಾನು ಬಾಯಿ ಬಿಡಲ್ಲ. ಪಾಪ, ಒಳ್ಳೆ ಹುಡುಗ. ತೊಟ್ಟಿ ಸುತ್ತಿದ್ದು ನೋಡಿದ ಮೇಲೆ ಒಂದು ವಾರ ಊಟ ಸೇರ್ಲಿಲ್ಲ ಅವನಿಗೆ. ನಮ್ಮ ಮೇಲಿನ ಹಲಗೆ ಮೇಲೇ ಹುಟ್ಟಿದೋನು, ಅವತ್ತು ನೀರು ಕಾಯಿಸಿದ್ದೇ ನಾನು." ಹೆಸರು ಕೇಳಿದಾಗ ನಾಗರಿಕೆಗೆ ಕೆಮ್ಮು ಬಂದ ಕಾರಣ ಅದು ದಾಖಲಾಗಿರುವುದಿಲ್ಲ. ತಪ್ಪಿತಸ್ಥ ಪತ್ತೆಯಾಗದ್ದರಿಂದ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ.

12. ಈ ಸುತ್ತೋಲೆಯನ್ನು ಉಲ್ಲಂಘಿಸಿದವರನ್ನು ಗ್ರುಜ್ದೀನೊಗೆ, ಅಂದರೆ ಕೊಠಡಿಯ ಆ ಬದಿಗೆ, ವರ್ಗಾಯಿಸಲಾಗುವುದು.

ಸಹಿ/-
(ಅರ್ಕಾದಿ ಲ್ವೋವಿಚ್ ಪೆರೆಗುದೋವ್)
ಮುಖ್ಯಾಧಿಕಾರಿ, ಗಡಿ ಮತ್ತು ಗುರುತುಗಳ ವಿಭಾಗ
ಜನ್ಮಸ್ಥಳ, ನಿಯಮ 7(ಋ)ರಂತೆ: ಗಡಿಗುರುತು ಸಂಖ್ಯೆ 14, ಮೇಲಿನ ಹಲಗೆ. ತಲೆ ಲಪ್ತೀನೊ.

ಪ್ರತಿಗಳು:
1. ಗ್ರುಜ್ದೀನೊ ಜಿಲ್ಲಾಡಳಿತಕ್ಕೆ: ಮಾಹಿತಿಗಾಗಿ. ಬೀರುವಿನ ಕಾಲನ್ನು ಇದೇ ದೂತನ ಕೈಯಲ್ಲಿ ಕಳಿಸಲು ಕೋರಿದೆ.
2. ಜಿಲ್ಲಾ ಮುಖ್ಯಸ್ಥರಿಗೆ: ಎರಡು ಪ್ರತಿ. ಒಂದು ಮೇಜಿಗೆ, ಒಂದು ಕುರ್ಚಿಗೆ.
3. ಟ್ರ್ಯಾಕ್ಟರ್ ಚಾಲಕ ಗೆರಾಸಿಮ್‌ಗೆ: ಇನ್ನು ಮುಂದೆ ಎಳೆಯುವ ಮೊದಲು ಏನನ್ನು ಎಳೆಯುತ್ತಿದ್ದೇನೆಂದು ಕೇಳತಕ್ಕದ್ದು.
4. ಬಾರ್ಸಿಕ್‌ಗೆ: ಓದಿ ಹೇಳುವುದು.
5. ಬಾಗಿಲ ಮೊಳೆಗೆ: ಐದನೇ ಸಲ.
6. ನಾಗರಿಕೆ ಗ್ಲಾಫಿರಾ ಯೆಫಿಮೋವ್ನಾ ಅವರಿಗೆ, ಅಂಗಳ: ತಮ್ಮ ಹನ್ನೊಂದು ಅರ್ಜಿಗಳಿಗೂ ಇದನ್ನೇ ಉತ್ತರವೆಂದು ತಿಳಿಯುವುದು. ತಡವಾದದ್ದಕ್ಕೆ ವಿಷಾದವಿದೆ. ಗುರುವಾರ ಇನ್ನೂ ಒಬ್ಬರಿಗೆ ಸಾಲುವಷ್ಟು ಹೆಚ್ಚು ನೀರು ಕಾಯಿಸಲು ಕೋರಲಾಗಿದೆ, ಅತ್ತೆ.