ಏಳನೆಯ ಭಾಗದ ಕೆಂಪು ದೀಪ

"ಆರು ವರ್ಷದಿಂದ ಊರಿಗೆಲ್ಲ ಕಾರು ಕಲಿಸ್ತಿದ್ದೀನಿ. ಗುಂಡಿ ಒತ್ತೋ ಗಂಡನಿಗೆ ಸೋಲ್ತೀನಾ? ನೋಡೇಬಿಡ್ತೀನಿ!" ಎಂದು ಡ್ರೈವಿಂಗ್ ಶಾಲೆಯ ಮೇಡಂ ತೋಳು ಮಡಚಿದಳು.

ಗಂಡ ಲೈಸೆನ್ಸ್ ಪರೀಕ್ಷೆಯಲ್ಲಿ ಮೂರು ಸಲ ಮಣ್ಣು ಮುಕ್ಕಿ, ಇನ್ನು ಸ್ಟಿಯರಿಂಗ್ ಮುಟ್ಟೆನೆಂದು ಕೂತವನು. ಟೀವಿಯ ಮುಂದೆ ಮಾತ್ರ ಬೀದಿ ರೇಸಿನ ವಿಡಿಯೋ ಗೇಮಿಗೆ ಚಕ್ರವರ್ತಿ! ಕಾಲೇಜಿನ ದಿನಗಳಿಂದ ಆ ಆಟದ ಏಳೂ ಭಾಗಗಳನ್ನು ಅರೆದು ಕುಡಿದಿದ್ದ. ಮಗಳ ಶಾಲೆ, ಆಸ್ಪತ್ರೆ, ಅಂಗಡಿ ಎಂದು ಒಬ್ಬಳೇ ಕಾರು ಓಡಿಸಿ ಇವಳು ಸುಸ್ತಾಗಿದ್ದಳು.

"ಏಳು ಭಾಗ, ಏಳು ರೇಸು. ನಾನು ನಾಲ್ಕು ಗೆದ್ರೆ ಸೋಮವಾರದಿಂದ ನೀವು ನನ್ನ ಕ್ಲಾಸಿಗೆ!"

"ಸೋತ್ರೆ?"

"ಈ ಜನ್ಮದಲ್ಲಿ ಲೈಸೆನ್ಸ್ ಮಾತೆತ್ತಲ್ಲ."

ಐದು ವರ್ಷದ ಮಗಳು ಸೋಫಾ ಏರಿ ಅಂಪೈರಾದಳು.

ಮೊದಲ ಭಾಗದಲ್ಲಿ ಬೆಂಕಿಪೊಟ್ಟಣದಂಥ ಕಾರುಗಳು, ಖಾಲಿ ರಸ್ತೆ, ಹತ್ತು ಮಾರಿಗೊಮ್ಮೆ ಅದೇ ಮರ. ಗೆದ್ದಳು! ಎರಡನೆಯದರಲ್ಲಿ ತಿರುವುಗಳು ಬಂದವು. ತಿರುವೆಂದರೆ ಅವಳಿಗೆ ನೀರು ಕುಡಿದಷ್ಟು ಸುಲಭ. ಮೂರನೆಯದರಲ್ಲಿ ಕಾರಿನ ಹೊಟ್ಟೆಯಡಿ ನೀಲಿ ದೀಪ. ಅದರ ಚೆಂದ ನೋಡುತ್ತಾ ಗಂಡ ಗೋಡೆಗೆ ಗುದ್ದಿದ. ಮೂರು-ಸೊನ್ನೆ!

"ಸೋಮವಾರ ಏಳಕ್ಕೇ ಬನ್ನಿ. ಲೇಟಾದ್ರೆ ಸೇರಿಸಲ್ಲ!"

ಆದರೆ ಭಾಗದಿಂದ ಭಾಗಕ್ಕೆ ಆಟ ನಿಜಕ್ಕೆ ಹತ್ತಿರವಾಗಿತ್ತು. ನಾಲ್ಕನೆಯದರಲ್ಲಿ ಪೊಲೀಸರು ಬಂದರು. ಸೈರನ್ ಕೇಳಿದ್ದೇ ತಡ, ಅವಳು ಕಾರನ್ನು ಬದಿಗೆ ಹಾಕಿ ನಿಂತಳು!

"ಯಾಕೇ ನಿಲ್ಸಿದೆ?"

"ಪೊಲೀಸ್ ಬಂದ್ರೆ ನಿಲ್ಲಿಸ್ಬೇಕು ರೀ!"

ಐದನೆಯದರಲ್ಲಿ ಇಡೀ ಊರೇ ಬಂತು. ಒನ್ ವೇ ಬೋರ್ಡು ಕಂಡು ಅವಳು ಊರೆಲ್ಲ ಸುತ್ತಿದಳು. ಆರನೆಯದರಲ್ಲಿ ಮಳೆ, ವೈಪರ್ ಗುಂಡಿ ಹುಡುಕುವುದರಲ್ಲೇ ರೇಸು ಮುಗಿಯಿತು. ಮೂರು-ಮೂರು!

ಏಳನೆಯ ಭಾಗ ಸಾಕ್ಷಾತ್ ನಿಜದ ಬೀದಿ. ಅವಳು ಹಲ್ಲು ಕಚ್ಚಿದಳು. ಪೊಲೀಸರಿಗೆ ನಿಲ್ಲಲಿಲ್ಲ, ಒನ್ ವೇಗೆ ಬಗ್ಗಲಿಲ್ಲ. ಗುರಿಗೆ ನೂರೇ ಮೀಟರ್, ಗಂಡ ಎಲ್ಲೋ ಹಿಂದೆ! ಅಷ್ಟರಲ್ಲಿ ಕೆಂಪು ದೀಪ ಹೊತ್ತಿತು. ಕೋಲೂರಿಕೊಂಡು ಅಜ್ಜಿಯೊಬ್ಬಳು ರಸ್ತೆಗಿಳಿದಳು. ಇವಳನ್ನು ಕೇಳದೆಯೇ ಇವಳ ಬೆರಳು ಬ್ರೇಕ್ ಒತ್ತಿತು. ಗಂಡನ ಕಾರು ಸುಯ್ಯೆಂದು ಗುರಿ ದಾಟಿತು.

"ಅಜ್ಜಿ ದಾಟ್ತಿದ್ರು ರೀ!"

"ಅದು ಬರೀ ಚಿತ್ರ ಕಣೇ! ಗುದ್ದಿದ್ರೂ ಏನಾಗಲ್ಲ!"

"ನಿಮ್ಮನ್ನ ಮೂರು ಸಲ ಫೇಲ್ ಮಾಡಿದ್ದು ಸುಮ್ನೆ ಅಲ್ಲ!"

ಮಗಳು ಸೋಫಾ ಇಳಿದು ಬಂದು ಅಮ್ಮನ ಕೆನ್ನೆ ಸವರಿದಳು. "ಬೇಜಾರು ಮಾಡ್ಕೋಬೇಡಮ್ಮಾ. ನಾನು ದೊಡ್ಡೋಳಾದ್ಮೇಲೆ ಅಪ್ಪನ ಹತ್ರ ಕಾರು ಕಲಿತು, ನಿಂಗೂ ಹೇಳ್ಕೊಡ್ತೀನಿ!"